ಮೂರನೇ ಸುತ್ತಿಗೇ ಸುಸ್ತಾಗುವ ತಾಮ್ರದ ಕ್ಯಾಟಲಿಸ್ಟ್: ದೋಷ ಹುಡುಕುವ ಕೈಪಿಡಿ

ಮೊದಲ ಸಲ ಇಳುವರಿ 94%. ಎರಡನೇ ಸಲ 91. ಮೂರನೇ ಸಲ 78. ನಾಲ್ಕನೇ ಸಲ 52. ಮ್ಯಾಗ್ನಟೈಟ್ (ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡ್) ಪುಡಿಯ ಮೇಲೆ ತಾಮ್ರ ಕೂರಿಸಿದ ಕ್ಯಾಟಲಿಸ್ಟನ್ನು, ಅಂದರೆ ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ಪದಾರ್ಥವನ್ನು, ಮತ್ತೆ ಮತ್ತೆ ಬಳಸಲು ಹೊರಟವರ ನೋಟ್‌ಬುಕ್‌ನಲ್ಲಿ ಇಂಥ ಸಾಲು ಸಾಮಾನ್ಯ. ಆಗ ಎಲ್ಲರ ಬಾಯಲ್ಲೂ ಬರುವ ಮಾತು, "ಕ್ಯಾಟಲಿಸ್ಟ್ ಸತ್ತಿದೆ". ಈ ಮಾತಿನಿಂದ ಏನೂ ತಿಳಿಯುವುದಿಲ್ಲ. ತಾಮ್ರ ದ್ರಾವಣಕ್ಕೆ ಹೋಯಿತಾ? ಮೇಲ್ಮೈ ಮುಚ್ಚಿಹೋಯಿತಾ? ತಾಮ್ರದ ರೂಪ ಬದಲಾಯಿತಾ? ಅಥವಾ ಪುಡಿಯೇ ಕಡಿಮೆ ಆಯಿತಾ? ಒಂದೊಂದಕ್ಕೂ ಮದ್ದು ಬೇರೆ. ಕಾರಣ ತಿಳಿಯದೆ ಸುಮ್ನೆ ಹೊಸ ಬ್ಯಾಚ್ ಮಾಡಿದರೆ ಅದೂ ಮೂರನೇ ಸುತ್ತಿಗೆ ಹೀಗೇ ಆಗುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲಿ ಅಂತ ಒಂದೇ ಕ್ರಿಯೆಯನ್ನು ಇಟ್ಟುಕೊಳ್ಳುತ್ತೇನೆ: ಎ3 ಕಪ್ಲಿಂಗ್, ಅಂದರೆ ಆಲ್ಡಿಹೈಡ್, ಅಮೀನ್, ಆಲ್ಕೈನ್ (ಅಸಿಟಿಲೀನ್ ಜಾತಿಯದು) ಮೂರನ್ನು ಜೋಡಿಸುವ ಕ್ರಿಯೆ. ಬೆಂಜಾಲ್ಡಿಹೈಡ್, ಮಾರ್ಫೋಲಿನ್, ಫಿನೈಲ್ ಅಸಿಟಿಲೀನ್ ಮೂರನ್ನೂ ಒಂದೇ ಫ್ಲಾಸ್ಕಿಗೆ ಹಾಕಿ, ಟಾಲ್ವಿನ್‌ನಲ್ಲಿ 90 ಡಿಗ್ರಿ ಆಸುಪಾಸು ಕಾಯಿಸಿದರೆ ಪ್ರೊಪಾರ್ಜಿಲ್ ಅಮೀನ್ ಸಿಗುತ್ತದೆ. ಜೊತೆಗೆ ಹೊರಬೀಳುವುದು ನೀರು ಮಾತ್ರ. ಲೆಕ್ಕಕ್ಕೆ ಅನುಕೂಲವಾಗಲಿ ಅಂತ 1 ಮಿಲಿಮೋಲ್ ಆಲ್ಡಿಹೈಡ್, 5 ಮಿ.ಲೀ. ದ್ರಾವಕ, 5% ತಾಮ್ರ ಇರುವ 50 ಮಿ.ಗ್ರಾಂ ಕ್ಯಾಟಲಿಸ್ಟ್ ಎಂದುಕೊಳ್ಳಿ. ಅಂದರೆ ಫ್ಲಾಸ್ಕಿನಲ್ಲಿರುವ ತಾಮ್ರ 2.5 ಮಿ.ಗ್ರಾಂ, ಸುಮಾರು 4 ಮೋಲ್ ಶೇಕಡ (ನೂರು ಆಲ್ಡಿಹೈಡ್ ಅಣುವಿಗೆ ನಾಲ್ಕು ತಾಮ್ರದ ಪರಮಾಣು).

ಮೊದಲು ತಕ್ಕಡಿ

ಟಿಇಎಂ (ಇಲೆಕ್ಟ್ರಾನ್ ಸೂಕ್ಷ್ಮದರ್ಶಕ), ಎಕ್ಸ್‌ಪಿಎಸ್ (ಮೇಲ್ಮೈಯ ಪರಮಾಣುಗಳ ಸ್ಥಿತಿ ಹೇಳುವ ಎಕ್ಸ್-ರೇ ಪರೀಕ್ಷೆ) ಅಂತ ಸ್ಯಾಂಪಲ್ ಕಳಿಸುವ ಮುಂಚೆ ಪುಡಿಯನ್ನು ತೂಕ ಮಾಡಿ. ಪ್ರತಿ ಸುತ್ತಿನಲ್ಲಿ 5% ಪುಡಿ ಕಳೆದುಹೋದರೆ ಐದು ಸುತ್ತಿನ ನಂತರ ಉಳಿಯುವುದು 77%. ಪ್ರತಿ ಸಲ 10% ಹೋದರೆ ಉಳಿಯುವುದು 59%. ಇಷ್ಟರಿಂದಲೇ ಇಳುವರಿ ಕುಸಿಯಬಹುದು. ಇಲ್ಲಿ ಕ್ಯಾಟಲಿಸ್ಟ್ ಸತ್ತಿಲ್ಲ, ಚೆಲ್ಲಿಹೋಗಿದೆ.

ಎಲ್ಲಿಗೆ ಹೋಗುತ್ತದೆ? ಮ್ಯಾಗ್ನಟೈಟ್ ವಿಷಯದಲ್ಲಿ ಮೊದಲ ಅನುಮಾನ ದ್ರಾವಣ ಕಲಕುವ ಮ್ಯಾಗ್ನೆಟಿಕ್ ಬೀಡ್ ಮೇಲೆಯೇ ಇರಲಿ. ಕ್ರಿಯೆ ಮುಗಿದ ಮೇಲೆ ಬೀಡನ್ನು ಚಿಮಟದಲ್ಲಿ ಹೊರಗೆ ತೆಗೆದು ನೋಡಿ. ಎರಡೂ ತುದಿಗೆ ಕಪ್ಪು ಪುಡಿ ದಪ್ಪಗೆ ಅಂಟಿಕೊಂಡಿರುತ್ತದೆ. ಕ್ರಿಯೆ ನಡೆಯುವಾಗಲೂ ಅದು ಹಾಗೇ ಅಂಟಿಕೊಂಡಿತ್ತು ಅಂತಾದರೆ ದ್ರಾವಣದಲ್ಲಿ ಹರಡಿ ಕೆಲಸ ಮಾಡಿದ ಪುಡಿ ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ಬೀಡನ್ನು ಟಿಶ್ಯೂನಲ್ಲಿ ಒರೆಸಿಬಿಟ್ಟರೆ ಆ ಸುತ್ತಿನ ನಷ್ಟ ಅಲ್ಲೇ ಆಯಿತು. ಈ ಬಗೆಯ ಕ್ಯಾಟಲಿಸ್ಟಿಗೆ ಮೇಲಿನಿಂದ ತಿರುಗಿಸುವ ಸ್ಟರರ್ ಅಥವಾ ಶೇಕರ್ ಒಳ್ಳೆಯದು. ಅದು ಸಿಗದಿದ್ದರೆ ಬೀಡನ್ನು ಎಥನಾಲ್ ಇರುವ ಸಣ್ಣ ಬಾಟಲಿಯಲ್ಲಿ ಹಾಕಿ ಸಾನಿಕೇಟರ್‌ನಲ್ಲಿ ಇಟ್ಟು ಪುಡಿ ಬಿಡಿಸಿ.

ಎರಡನೇ ಜಾಗ ತೊಳೆದು ಚೆಲ್ಲುವ ದ್ರಾವಕ. ಫ್ಲಾಸ್ಕಿನ ಹೊರಗೆ ನಿಯೋಡಿಮಿಯಂ ಅಯಸ್ಕಾಂತ ಹಿಡಿದು ಎರಡು ನಿಮಿಷ ಕಾದರೂ ಮೇಲಿನ ದ್ರವ ತಿಳಿಯಾಗದೆ ಕಂದು ಬಣ್ಣದಲ್ಲೇ ನಿಂತಿದ್ದರೆ, ಅತಿ ಸಣ್ಣ ಕಣಗಳು ಇನ್ನೂ ತೇಲುತ್ತಿವೆ ಎಂದರ್ಥ. ಅವಸರ ಮಾಡಿ ಬಗ್ಗಿಸಬೇಡಿ, ಸೆಂಟ್ರಿಫ್ಯೂಜ್‌ಗೆ ಹಾಕಿ. ಪ್ರಾಡಕ್ಟ್‌ನ ಎನ್‌ಎಂಆರ್‌ನಲ್ಲೂ (ಅಣುವಿನ ರಚನೆ ತೋರಿಸುವ ಅಯಸ್ಕಾಂತೀಯ ಪರೀಕ್ಷೆ) ಇದರ ಗುರುತು ಸಿಗುತ್ತದೆ. ಗೆರೆಗಳು ಅಗಲವಾಗಿ ಬರುತ್ತವೆ, ಎಷ್ಟು ಶಿಮ್ ಮಾಡಿದರೂ (ಯಂತ್ರದ ಕಾಂತಕ್ಷೇತ್ರ ಸಮ ಮಾಡಿದರೂ) ಚೂಪಾಗುವುದಿಲ್ಲ. ಸೀಲೈಟ್ (ಸೋಸಲು ಬಳಸುವ ನುಣ್ಣನೆಯ ಪುಡಿ) ಮೂಲಕ ಒಮ್ಮೆ ಸೋಸಿ ಮತ್ತೆ ತೆಗೆಸಿ. ಆಗ ಗೆರೆಗಳು ಚೂಪಾದರೆ ನಿಮ್ಮ ಕ್ಯಾಟಲಿಸ್ಟ್ ಪ್ರಾಡಕ್ಟಿನ ಜೊತೆಗೇ ಹೊರಟಿತ್ತು.

ತೂಕ ಕಡಿಮೆಯಾಗಿದ್ದರೆ ಹೊಸ ಪುಡಿ ಬೆರೆಸಿ ಸರಿದೂಗಿಸಬೇಡಿ. ಹಾಗೆ ಮಾಡಿದರೆ ಹಳೆಯದು ಎಷ್ಟು ಕೆಲಸ ಮಾಡಿತು ಅನ್ನುವುದು ಎಂದಿಗೂ ತಿಳಿಯಲ್ಲ. ಸಿಕ್ಕಿದ ಪುಡಿಗೆ ತಕ್ಕಂತೆ ಉಳಿದ ಪದಾರ್ಥಗಳನ್ನೇ ಕಡಿಮೆ ಮಾಡಿ, ಅನುಪಾತ ಅದೇ ಇರಲಿ.

ಕೊನೆಯ ಇಳುವರಿ ಬಿಟ್ಟು ವೇಗ ನೋಡಿ

ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮರುಬಳಕೆಯ ಪರೀಕ್ಷೆಯಲ್ಲಿ ಕೊನೆಯ ಇಳುವರಿ ನಂಬಿಕೆಗೆ ಯೋಗ್ಯವಲ್ಲ.

ಸರಳ ಪ್ರಥಮ ದರ್ಜೆಯ ಕ್ರಿಯೆ ಎಂದುಕೊಂಡು ಲೆಕ್ಕ ಹಾಕೋಣ. ಹೊಸ ಕ್ಯಾಟಲಿಸ್ಟ್ 1 ಗಂಟೆಯಲ್ಲಿ 95% ಮುಗಿಸುತ್ತದೆ. ಆದರೆ ನೀವು "ಇರಲಿ" ಅಂತ 6 ಗಂಟೆ ಓಡಿಸುತ್ತೀರಿ. ಈಗ ಕ್ಯಾಟಲಿಸ್ಟ್ ತನ್ನ ಶಕ್ತಿಯ ಐದರಲ್ಲಿ ನಾಲ್ಕು ಪಾಲನ್ನು ಕಳೆದುಕೊಂಡಿದೆ. ಆಗಲೂ 6 ಗಂಟೆಗೆ 97% ಬರುತ್ತದೆ! ಟೇಬಲ್ಲಿನಲ್ಲಿ ಎಲ್ಲ ಸುತ್ತೂ ಒಂದೇ ಥರ ಕಾಣುತ್ತದೆ. ಅದೇ ಎರಡು ಫ್ಲಾಸ್ಕಿನಿಂದ 20ನೇ ನಿಮಿಷಕ್ಕೆ ಸ್ಯಾಂಪಲ್ ತೆಗೆದಿದ್ದರೆ? ಹೊಸದರಲ್ಲಿ 63%, ಹಳೆಯದರಲ್ಲಿ 18%.

ಹಾಗಾಗಿ ಮೂರನೇ ಸುತ್ತಿನಲ್ಲಿ "ಇದ್ದಕ್ಕಿದ್ದಂತೆ" ಬಿದ್ದ ಇಳುವರಿ ಇದ್ದಕ್ಕಿದ್ದಂತೆ ಬಿದ್ದದ್ದಲ್ಲ. ಮೊದಲ ಸುತ್ತಿನಿಂದಲೇ ಕುಸಿತ ಶುರುವಾಗಿತ್ತು, ಜಾಸ್ತಿ ಹೊತ್ತು ಓಡಿಸಿದ್ದು ಅದನ್ನು ಮುಚ್ಚಿಟ್ಟಿತ್ತು. ಹೊಸ ಕ್ಯಾಟಲಿಸ್ಟಿನಲ್ಲಿ ಕ್ರಿಯೆ 30ರಿಂದ 50% ಆಗುವ ಹೊತ್ತು ಯಾವುದು ಅಂತ ಮೊದಲು ಗುರುತಿಸಿ. ಪ್ರತಿ ಸುತ್ತಿನಲ್ಲೂ ಅದೇ ಹೊತ್ತಿಗೆ ಜಿಸಿ (ಗ್ಯಾಸ್ ಕ್ರೊಮಟೋಗ್ರಫಿ) ಅಥವಾ ಎನ್‌ಎಂಆರ್‌ಗೆ ಸ್ಯಾಂಪಲ್ ತೆಗೆಯಿರಿ. ಟಿಎಲ್‌ಸಿ (ತೆಳು ಪದರದ ತಟ್ಟೆಯ ಮೇಲೆ ಚುಕ್ಕೆ ನೋಡುವುದು) ಕಣ್ಣಳತೆ ಇಲ್ಲಿ ಸಾಲದು. ಈ ಒಂದು ಅಂಕಿಯನ್ನು ಪ್ರತಿ ಸುತ್ತಿನ ಎದುರು ಬರೆದುಕೊಂಡರೆ ದೋಷ ಯಾವಾಗ ಶುರುವಾಯಿತು ಅನ್ನುವುದು ಕಣ್ಣಿಗೆ ಕಟ್ಟುತ್ತದೆ.

ಕೆಲವೊಮ್ಮೆ ಎರಡನೇ ಸುತ್ತು ಮೊದಲನೆಯದಕ್ಕಿಂತ ಚುರುಕಾಗಿರುತ್ತದೆ. ಗಾಬರಿ ಬೇಡ. ಎರಡರ ಸ್ಥಿತಿಯ ತಾಮ್ರ (ಎರಡು ಇಲೆಕ್ಟ್ರಾನ್ ಕಳೆದುಕೊಂಡದ್ದು) ಅಸಿಟಿಲೀನ್ ಜೊತೆ ಸೇರಿ, ಕೆಲಸ ಮಾಡುವ ಒಂದರ ಸ್ಥಿತಿಗೆ ಇಳಿಯಲು ಹೊತ್ತು ತೆಗೆದುಕೊಂಡಿರುತ್ತದೆ, ಅಷ್ಟೇ.

ತಾಮ್ರ ದ್ರಾವಣಕ್ಕೆ ಹೋಗುತ್ತಿದೆಯಾ?

ತೂಕ ಸರಿಯಿದೆ, ಆದರೂ ವೇಗ ಸುತ್ತಿನಿಂದ ಸುತ್ತಿಗೆ ಇಳಿಯುತ್ತಿದೆ ಎಂದರೆ ಲೀಚಿಂಗ್ (ತಾಮ್ರ ಪುಡಿಯನ್ನು ಬಿಟ್ಟು ದ್ರಾವಣಕ್ಕೆ ಸೋರುವುದು) ಅನುಮಾನ ಬಲವಾಗುತ್ತದೆ. ಎ3 ಕಪ್ಲಿಂಗ್‌ನಲ್ಲಿ ಇದಕ್ಕೆ ಎಲ್ಲ ಅನುಕೂಲವೂ ಇದೆ. ಮಾರ್ಫೋಲಿನ್ ಒಂದು ಅಮೀನ್, ತಾಮ್ರವನ್ನು ಹಿಡಿದುಕೊಳ್ಳಬಲ್ಲದು. ಪ್ರಾಡಕ್ಟ್ ಕೂಡ ಅಮೀನೇ. ಇವೆರಡೂ ಕ್ರಿಯೆಯ ಭಾಗ, ತೆಗೆದುಹಾಕಲು ಆಗಲ್ಲ. ಮೂರನೆಯ ಕಳ್ಳ ಒಬ್ಬನಿದ್ದಾನೆ, ಅವನನ್ನು ಹಿಡಿಯಬಹುದು.

ಬೆಂಜಾಲ್ಡಿಹೈಡ್ ಬಾಟಲಿಯ ಮುಚ್ಚಳ ತೆಗೆದು ಕುತ್ತಿಗೆಯ ಒಳಭಾಗ ನೋಡಿ. ಬಿಳಿ ಹರಳು ಕಟ್ಟಿದೆಯಾ? ಅದು ಬೆಂಜೊಯಿಕ್ ಆಸಿಡ್. ಆಲ್ಡಿಹೈಡ್ ಗಾಳಿಯ ಆಮ್ಲಜನಕಕ್ಕೆ ತಾನಾಗಿ ಹೀಗೆ ಬದಲಾಗುತ್ತದೆ. ಅಮೀನ್ ಇರುವ ಫ್ಲಾಸ್ಕಿನಲ್ಲಿ ಅದು ಬೆಂಜೊಯೇಟ್ ಆಗಿ ತಾಮ್ರವನ್ನು ಕಿತ್ತು ದ್ರಾವಣಕ್ಕೆ ಎಳೆಯುತ್ತದೆ. ಮೊದಲ ಸುತ್ತಿಗೆ ಹೊಸ ಬಾಟಲಿ ಒಡೆದು, ನಾಲ್ಕನೇ ಸುತ್ತಿನ ಹೊತ್ತಿಗೆ ಅದೇ ಬಾಟಲಿ ಅರ್ಧ ಖಾಲಿಯಾಗಿ ವಾರಗಟ್ಟಲೆ ನಿಂತಿದ್ದರೆ, ಬದಲಾಗಿದ್ದು ಕ್ಯಾಟಲಿಸ್ಟ್ ಒಂದೇ ಅಲ್ಲ, ಅಲ್ವಾ? ಆಲ್ಡಿಹೈಡನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ತೊಳೆದು, ನೀರು ತೆಗೆದು, ಕಡಿಮೆ ಒತ್ತಡದಲ್ಲಿ ಡಿಸ್ಟಿಲ್ ಮಾಡಿ, ನೈಟ್ರೋಜನ್ ಅಡಿಯಲ್ಲಿ ಇಡಿ. ಅನುಮಾನ ಖಚಿತ ಮಾಡಿಕೊಳ್ಳಲು ಶುದ್ಧ ಆಲ್ಡಿಹೈಡ್ ಮತ್ತು ಹೊಸ ಕ್ಯಾಟಲಿಸ್ಟ್ ಇರುವ ಫ್ಲಾಸ್ಕಿಗೆ ಬೇಕೆಂದೇ 5 ಮೋಲ್ ಶೇಕಡ ಬೆಂಜೊಯಿಕ್ ಆಸಿಡ್ ಹಾಕಿ. ಫಿಲ್ಟ್ರೇಟ್‌ನಲ್ಲಿ (ಸೋಸಿದ ದ್ರವದಲ್ಲಿ) ತಾಮ್ರ ಏರಿದರೆ ಕಳ್ಳ ಸಿಕ್ಕಿಬಿದ್ದ.

ಇನ್ನು ಬಿಸಿ ಸೋಸುವಿಕೆ: ಕೆಲಸ ಮಾಡುತ್ತಿರುವುದು ಪುಡಿಯಾ, ಕರಗಿದ ತಾಮ್ರವಾ ಅಂತ ತಿಳಿಯುವ ಪರೀಕ್ಷೆ. ಹೆಸರಿಗೆ ಸುಲಭ, ತಪ್ಪಾಗಿ ಮಾಡುವುದು ಇನ್ನೂ ಸುಲಭ. ಕ್ರಿಯೆ 40% ಆಸುಪಾಸು ಇರುವಾಗ, 90 ಡಿಗ್ರಿಯಲ್ಲಿ ಇರುವಂತೆಯೇ, ಪುಡಿಯನ್ನು ಬೇರೆ ಮಾಡಿ ಬರೀ ದ್ರವವನ್ನು ಅದೇ ತಾಪದಲ್ಲಿ ಮುಂದುವರಿಸಬೇಕು. ತಣ್ಣಗಾದ ಮೇಲೆ ಸೋಸಿದರೆ ಕರಗಿದ್ದ ತಾಮ್ರ ಮತ್ತೆ ಪುಡಿಯ ಮೇಲೆ ಕೂತುಬಿಟ್ಟಿರುತ್ತದೆ. ಲೀಚಿಂಗ್ ಇದ್ದರೂ ಇಲ್ಲ ಅಂತ ಉತ್ತರ ಬರುತ್ತದೆ. ಗಾಳಿ ತಗುಲಿದರೆ ಒಂದರ ಸ್ಥಿತಿಯ ತಾಮ್ರ ಎರಡಕ್ಕೆ ಏರಿ ಕೆಲಸ ನಿಲ್ಲಿಸಬಹುದು, ಆಗಲೂ ಅದೇ ಸುಳ್ಳು ಉತ್ತರ. ಅಯಸ್ಕಾಂತ ಹಿಡಿದು ಬಗ್ಗಿಸಿದರಷ್ಟೇ ಸಾಕು ಅಂದುಕೊಂಡರೆ ತೇಲುವ ಸಣ್ಣ ಕಣಗಳು ದ್ರವದ ಜೊತೆ ಬಂದು, ಲೀಚಿಂಗ್ ಇಲ್ಲದಿದ್ದರೂ ಇದೆ ಅನ್ನಿಸುತ್ತದೆ. ಆದ್ದರಿಂದ ಅಯಸ್ಕಾಂತದ ನಂತರ, ಮೊದಲೇ ಬಿಸಿ ಮಾಡಿಟ್ಟ 0.2 ಮೈಕ್ರಾನ್ ಪಿಟಿಎಫ್‌ಇ ಸಿರಿಂಜ್ ಫಿಲ್ಟರ್ ಮೂಲಕ, ನೈಟ್ರೋಜನ್ ತುಂಬಿದ ಬಿಸಿ ಫ್ಲಾಸ್ಕಿಗೇ ಬಿಡಿ. ಜೊತೆಗೆ ಸೋಸದೇ ಬಿಟ್ಟ ಇನ್ನೊಂದು ಫ್ಲಾಸ್ಕ್ ಪಕ್ಕದಲ್ಲಿ ಓಡುತ್ತಿರಲಿ. ಬಿಸಿ ಟಾಲ್ವಿನ್ ಸಿರಿಂಜ್‌ನಿಂದ ಚಿಮ್ಮಬಹುದು, ಕನ್ನಡಕ ಮತ್ತು ಫ್ಯೂಮ್ ಹುಡ್ ಬಿಡುವಂತಿಲ್ಲ.

ಸೋಸಿದ ದ್ರವದಲ್ಲಿ ಕ್ರಿಯೆ ಮುಂದುವರಿದರೆ ಕೆಲಸ ಮಾಡುತ್ತಿದ್ದುದು ಕರಗಿದ ತಾಮ್ರ. ನಿಂತರೆ ಪುಡಿಯ ಪರವಾಗಿ ಒಂದು ಸಾಕ್ಷಿ ಸಿಕ್ಕಿತು. ಒಂದು ಮಾತ್ರ. ಕರಗಿದ ತಾಮ್ರ ಕೆಲಸ ಮಾಡದ ರೂಪದಲ್ಲೂ ಇರಬಹುದು, ಆಗ ಕ್ರಿಯೆ ನಿಂತರೂ ತಾಮ್ರ ಸೋರುತ್ತಲೇ ಇರುತ್ತದೆ.

ಸೋರಿದ್ದನ್ನು ಅಳೆಯಲು ಐಸಿಪಿ (ಲೋಹದ ಅತಿ ಸಣ್ಣ ಪ್ರಮಾಣ ಅಳೆಯುವ ಯಂತ್ರ) ಬೇಕು. ವರದಿಯಲ್ಲಿ ಫಿಲ್ಟ್ರೇಟ್‌ನ ತಾಮ್ರ 10 ಪಿಪಿಎಂ (ಇಲ್ಲಿ ಲೀಟರಿಗೆ 10 ಮಿ.ಗ್ರಾಂ) ಅಂತ ಬಂದರೆ ತುಂಬ ಜನ ನಿಟ್ಟುಸಿರು ಬಿಡುತ್ತಾರೆ. ಲೆಕ್ಕ ಹಾಕಿ: 5 ಮಿ.ಲೀ.ನಲ್ಲಿ 10 ಪಿಪಿಎಂ ಅಂದರೆ 0.05 ಮಿ.ಗ್ರಾಂ. ನಿಮ್ಮ ಒಟ್ಟು ತಾಮ್ರ 2.5 ಮಿ.ಗ್ರಾಂ. ಒಂದೇ ಸುತ್ತಿನಲ್ಲಿ 2% ಹೋಯಿತು. ತೊಳೆದ ದ್ರಾವಕದಲ್ಲಿ ಹೋದದ್ದು ಬೇರೆ. ಪಿಪಿಎಂ ಅಂಕಿಯನ್ನು ಹಾಗೇ ಬರೆಯದೆ, ಹಾಕಿದ ತಾಮ್ರದಲ್ಲಿ ಎಷ್ಟು ಶೇಕಡ ಅಂತಲೇ ಬರೆಯಿರಿ. ಬಳಸಿದ ಪುಡಿಯನ್ನೂ ಐಸಿಪಿಗೆ ಕಳಿಸಿ. ಎರಡರ ಲೆಕ್ಕ ಕೂಡಿದರೆ ಮೊದಲಿನ ತಾಮ್ರಕ್ಕೆ ಹತ್ತಿರ ಬರಬೇಕು. ಬರದಿದ್ದರೆ ಎಲ್ಲೋ ಒಂದು ಕಡೆ ತಪ್ಪಿದೆ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಪಕರಣ ಕೇಂದ್ರಕ್ಕೋ, ಐಐಟಿ ಮದ್ರಾಸಿನ ಉಪಕರಣ ಕೇಂದ್ರ ಸೈಫ್‌ಗೋ ಸ್ಯಾಂಪಲ್ ಕಳಿಸಿ ಸರದಿ ಕಾಯುವ ಹೊತ್ತಿನಲ್ಲಿ ಬಿ.ಎಸ್ಸಿ. ಲ್ಯಾಬಿನ ಹಳೆಯ ವಿದ್ಯೆ ಸಹಾಯಕ್ಕೆ ಬರುತ್ತದೆ. ಫಿಲ್ಟ್ರೇಟ್‌ನ ದ್ರಾವಕ ಪೂರ್ತಿ ಹಾರಿಸಿ, ಉಳಿದದ್ದನ್ನು ಕ್ರೂಸಿಬಲ್‌ನಲ್ಲಿ ಮಫಲ್ ಫರ್ನೇಸ್‌ಗೆ ಇಟ್ಟು ಬೂದಿ ಮಾಡಿ. ಸಾವಯವ ಪದಾರ್ಥ ಇರುವಾಗಲೇ ನೈಟ್ರಿಕ್ ಆಸಿಡ್ ಸುರಿಯಬೇಡಿ, ಅಪಾಯ. ಬೂದಿಯನ್ನು ಒಂದೆರಡು ಹನಿ ದುರ್ಬಲ ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸಿ ಅಮೋನಿಯಾ ಹಾಕಿ. ಕಬ್ಬಿಣ ಕರಗಿ ಬಂದಿದ್ದರೆ ಕೆಂಗಂದು ಬಣ್ಣದಲ್ಲಿ ಕೆಳಗೆ ಕೂರುತ್ತದೆ. ತಾಮ್ರ ಜಾಸ್ತಿ ಇದ್ದರೆ ಮೇಲಿನ ದ್ರವ ನೀಲಿಯಾಗುತ್ತದೆ. ಒಂದೇ ಪರೀಕ್ಷಾನಳಿಕೆಯಲ್ಲಿ ಎರಡೂ ಸುದ್ದಿ. ನೀಲಿ ಕಾಣದಿದ್ದರೆ ಸೋಸಿ, ಅಸಿಟಿಕ್ ಆಸಿಡ್ ಹಾಕಿ ಹುಳಿ ಮಾಡಿ, ಪೊಟ್ಯಾಸಿಯಂ ಫೆರೊಸಯನೈಡ್ ಒಂದು ಹನಿ ಬಿಡಿ. ತಾಮ್ರ ಇದ್ದರೆ ಚಾಕೊಲೇಟ್ ಬಣ್ಣ ಮೂಡುತ್ತದೆ. ಕಬ್ಬಿಣ ತೆಗೆಯದೆ ಇದನ್ನು ಮಾಡಿದರೆ ಗಾಢ ನೀಲಿ ಬಂದು ಎಲ್ಲ ಮುಚ್ಚಿಹೋಗುತ್ತದೆ, ಅದಕ್ಕೇ ಅಮೋನಿಯಾ ಮೊದಲು. ಯಾವ ಬಣ್ಣವೂ ಬರದಿದ್ದರೆ ಲೀಚಿಂಗ್ ಇಲ್ಲವೇ ಇಲ್ಲ ಅಂತಲ್ಲ. ಐಸಿಪಿ ಬರುವ ತನಕ ಕಾಯಿರಿ.

ಲೀಚಿಂಗ್ ಖಚಿತವಾದರೆ ತೊಳೆಯುವ ಕ್ರಮವನ್ನೂ ಒಮ್ಮೆ ನೋಡಿ. ಆಸಿಡ್ ನೀರು ಮ್ಯಾಗ್ನಟೈಟನ್ನೇ ಕರಗಿಸುತ್ತದೆ. ಅಮೋನಿಯಾ ನೀರು ತಾಮ್ರವನ್ನು ತೊಳೆದುಬಿಡುತ್ತದೆ. ಈಥೈಲ್ ಅಸಿಟೇಟ್, ಆಮೇಲೆ ಎಥನಾಲ್, ಇಷ್ಟು ಸಾಕು. ಸೋರಿಕೆ ಆಮೇಲೂ ನಿಲ್ಲದಿದ್ದರೆ ಬರೀ ಮ್ಯಾಗ್ನಟೈಟ್ ಮೇಲೆ ತಾಮ್ರ ಸುಮ್ನೆ ಕೂತಿದೆ ಎಂದರ್ಥ. ಸಿಲಿಕಾ ಪದರ ಕೊಟ್ಟು, ಅದರ ಮೇಲೆ ತಾಮ್ರ ಹಿಡಿಯುವ ಅಮೀನ್ ಅಥವಾ ಇಮೀನ್ ಗುಂಪು ಕಟ್ಟಿ, ಆಮೇಲೆ ತಾಮ್ರ ಕೂರಿಸಬೇಕು.

ತಾಮ್ರ ಅಲ್ಲೇ ಇದೆ, ಕೆಲಸ ಮಾತ್ರ ಮಾಡುತ್ತಿಲ್ಲ

ಪುಡಿಯ ಬಣ್ಣ ನೋಡಿ. ಕಪ್ಪು ಪುಡಿಯ ಮೇಲೆ ಹಳದಿ ಛಾಯೆ ಬಂದಿದ್ದರೆ ಅದು ಬಹುಮಟ್ಟಿಗೆ ಕಾಪರ್ ಫಿನೈಲ್ ಅಸಿಟಿಲೈಡ್. ಅಸಿಟಿಲೀನ್ ತಾಮ್ರವನ್ನು ಹಿಡಿದು, ಮುಂದಿನ ಹೆಜ್ಜೆಗೆ ಹೋಗದೆ ಅಲ್ಲೇ ಗಟ್ಟಿಯಾಗಿ ಕೂತಿದೆ. ಅಸಿಟಿಲೀನ್ ಜಾಸ್ತಿ ಹಾಕಿದಾಗ ಅಥವಾ ಆಲ್ಡಿಹೈಡ್ ಮುಗಿದ ಮೇಲೂ ಕಾಯಿಸುತ್ತಾ ಹೋದಾಗ ಹೀಗಾಗುವುದು ಸಹಜ. ಇಂಥ ಪುಡಿಯನ್ನು ಒಣಗಿಸಿ ಸ್ಪಾಟುಲಾದಲ್ಲಿ ಕೆರೆಯಬೇಡಿ. ತಾಮ್ರದ ಅಸಿಟಿಲೈಡ್‌ಗಳಲ್ಲಿ ಕೆಲವು ಒಣಗಿದಾಗ ಸಿಡಿಯುತ್ತವೆ. ಫಿನೈಲ್ ಇರುವುದು ಅಷ್ಟು ಚುರುಕಲ್ಲ, ಆದರೂ ಒದ್ದೆಯಾಗಿಯೇ ಇಟ್ಟು ಮುಂದಿನ ಸುತ್ತಿಗೆ ಬಳಸುವುದು ಲೇಸು.

ಟಿಎಲ್‌ಸಿಯಲ್ಲಿ ಮೇಲೆ ಹೊಸದೊಂದು ಚುಕ್ಕೆ ಬಂದಿದೆಯಾ? ಹೆಕ್ಸೇನ್‌ನಲ್ಲೇ ಓಡುವ, ಯುವಿ ದೀಪಕ್ಕೆ ಕಪ್ಪಗೆ ಕಾಣುವ ಚುಕ್ಕೆ ಡೈಫಿನೈಲ್ ಡೈಐನ್ ಇರಬಹುದು. ಎರಡು ಅಸಿಟಿಲೀನ್ ಒಂದಕ್ಕೊಂದು ಅಂಟಿದ್ದು, 1869ರಲ್ಲಿ ಗ್ಲೇಸರ್ ಕಂಡ ಕ್ರಿಯೆ. ತಾಮ್ರದ ಜೊತೆ ಆಮ್ಲಜನಕ ಸೇರಿದರೆ ಇದು ನಡೆಯುತ್ತದೆ. ಅಂದರೆ ಫ್ಲಾಸ್ಕಿಗೆ ಗಾಳಿ ಹೋಗುತ್ತಿದೆ. ಸೆಪ್ಟಮ್ ಬದಲಿಸಿ, ದ್ರಾವಕಕ್ಕೆ ಮೊದಲೇ ನೈಟ್ರೋಜನ್ ಹಾಯಿಸಿ.

ಎರಡೂ ಇಲ್ಲವೆಂದರೆ ಮೇಲ್ಮೈ ಮೇಲೆ ಸಾವಯವ ಜಿಡ್ಡು ಕೂತಿರಬಹುದು. ಹೊಸ ಪುಡಿ, ಬಳಸಿದ ಪುಡಿ ಎರಡರ ಐಆರ್ (ಅತಿಗೆಂಪು ಬೆಳಕಿನ ಪರೀಕ್ಷೆ) ಪಕ್ಕಪಕ್ಕ ಇಡಿ. ಬಳಸಿದ್ದರಲ್ಲಿ 2900 ಸೆಂ.ಮೀ.⁻¹ ಆಸುಪಾಸು, ಅಂದರೆ ಕಾರ್ಬನ್-ಹೈಡ್ರೋಜನ್ ಬಂಧದ ಜಾಗದಲ್ಲಿ, ಹೊಸ ಗೆರೆ ಎದ್ದಿದ್ದರೆ ತೊಳೆದದ್ದು ಸಾಲದು. ಬೆಚ್ಚಗಿನ ಎಥನಾಲ್‌ನಲ್ಲಿ ಸಾನಿಕೇಟ್ ಮಾಡಿ ತೊಳೆದ ಮೇಲೆ ವೇಗ ವಾಪಸ್ ಬಂದರೆ ರೋಗವೂ ಅದೇ, ಮದ್ದೂ ಅದೇ.

ಓವನ್ ಮಾಡುವ ಹಾನಿ

ಬಳಸಿದ ಪುಡಿಯನ್ನು ರಾತ್ರಿಯಿಡೀ 120 ಡಿಗ್ರಿ ಓವನ್‌ನಲ್ಲಿ ಬಿಟ್ಟುಹೋಗುವ ಅಭ್ಯಾಸ ತುಂಬ ಕಡೆ ಇದೆ. ನನ್ನ ಪ್ರಕಾರ ಇದೇ ಅರ್ಧ ತೊಂದರೆಯ ಮೂಲ. ಗಾಳಿಯಲ್ಲಿ ಕಾಯಿಸಿದಾಗ ನ್ಯಾನೋ ಮ್ಯಾಗ್ನಟೈಟ್ ಕಂದು ಬಣ್ಣದ ಮ್ಯಾಗ್‌ಹೆಮೈಟ್ ಆಗುತ್ತದೆ. ಅದು ಅಯಸ್ಕಾಂತಕ್ಕೆ ಇನ್ನೂ ಅಂಟುತ್ತದೆ, ಹಾಗಾಗಿ ಯಾರೂ ಗಮನಿಸುವುದಿಲ್ಲ. ಮೇಲಿರುವ ಲೋಹದ ತಾಮ್ರ ಆಕ್ಸೈಡ್ ಆಗುತ್ತದೆ. ಸಾಲದ್ದಕ್ಕೆ ಲೋಹದ ಮೇಲ್ಮೈ ಪರಮಾಣುಗಳು ಕದಲಲು ಶುರು ಮಾಡುವ ತಾಪ, ಕರಗುವ ತಾಪದ ಸುಮಾರು ಹತ್ತರಲ್ಲಿ ಮೂರು ಪಾಲು, ಕೆಲ್ವಿನ್ ಲೆಕ್ಕದಲ್ಲಿ. ತಾಮ್ರಕ್ಕೆ ಅದು ಸುಮಾರು 134 ಡಿಗ್ರಿ ಸೆಲ್ಸಿಯಸ್. ಓವನ್ನಿನ ಮುಳ್ಳು ಸ್ವಲ್ಪ ಆಚೀಚೆ ಆದರೂ ಸಾಕು, ಸಣ್ಣ ಕಣಗಳು ಸೇರಿ ದೊಡ್ಡವಾಗುವ ದಾರಿ ತೆರೆಯಿತು. ವ್ಯಾಕ್ಯೂಮ್‌ನಲ್ಲಿ 50ರಿಂದ 60 ಡಿಗ್ರಿ ಧಾರಾಳ ಸಾಕು.

ಎಕ್ಸ್‌ಆರ್‌ಡಿ (ಹರಳಿನ ಜಾತಿ ಗುರುತಿಸುವ ಎಕ್ಸ್-ರೇ ಪರೀಕ್ಷೆ) ನೋಡುವಾಗ ಒಂದು ಎಚ್ಚರ. 35.5 ಡಿಗ್ರಿಯ ಗೆರೆ ಮ್ಯಾಗ್ನಟೈಟಿಗೂ ಇದೆ, ಕಾಪರ್ ಆಕ್ಸೈಡಿಗೂ ಇದೆ. 43 ಡಿಗ್ರಿಯಲ್ಲಿ ಮ್ಯಾಗ್ನಟೈಟ್ ಮತ್ತು ತಾಮ್ರ ಒಂದರ ಮೇಲೊಂದು ಬೀಳುತ್ತವೆ. ಆದ್ದರಿಂದ ತಾಮ್ರಕ್ಕೆ 50.4, ಕಪ್ಪು ಆಕ್ಸೈಡಿಗೆ 38.7, ಕೆಂಪು ಆಕ್ಸೈಡಿಗೆ 36.4 ನೋಡಿ. ತಾಮ್ರ ಕಡಿಮೆ ಇದ್ದರೆ ಇವು ಕಾಣದೆಯೂ ಇರಬಹುದು. ಎಕ್ಸ್‌ಪಿಎಸ್‌ನಲ್ಲಿ 940ರಿಂದ 945 ಇಲೆಕ್ಟ್ರಾನ್ ವೋಲ್ಟ್ ನಡುವೆ ಉಪಗೆರೆ ಎದ್ದರೆ ಎರಡರ ಸ್ಥಿತಿಯ ತಾಮ್ರ ಇದೆ. ಸೊನ್ನೆ (ಲೋಹ) ಮತ್ತು ಒಂದರ ಸ್ಥಿತಿಯನ್ನು ಬೇರೆ ಮಾಡಲು ಅದೇ ಯಂತ್ರದಲ್ಲಿ ಸಿಗುವ ಓಜೆ ಗೆರೆ ಬೇಕೇ ಬೇಕು. ಅದಿಲ್ಲದೆ "ಒಂದರ ಸ್ಥಿತಿ" ಅಂತ ಬರೆಯುವುದು ಸರಿಯಲ್ಲ.

ಎಲ್ಲವೂ ಚೆನ್ನಾಗಿ ಕಂಡಾಗ

ಹತ್ತು ಸುತ್ತಾದರೂ ವೇಗ ಇಳಿಯದಿದ್ದರೆ ಖುಷಿಪಡುವ ಮುಂಚೆ ಖಾಲಿ ಪರೀಕ್ಷೆ ಮಾಡಿ. ತಾಮ್ರವಿಲ್ಲದ ಬರೀ ಮ್ಯಾಗ್ನಟೈಟ್ ಹಾಕಿ ಒಮ್ಮೆ, ಏನೂ ಹಾಕದೆ ಒಮ್ಮೆ. ಎರಡನ್ನೂ ಹೊಸ ಬೀಡ್, ಹೊಸ ಫ್ಲಾಸ್ಕಿನಲ್ಲೇ ಮಾಡಿ. ಹಳೆಯ ಬೀಡ್‌ಗಳ ಪ್ಲಾಸ್ಟಿಕ್ ಗೀರುಗಳಲ್ಲಿ ಲೋಹ ಸಿಕ್ಕಿಕೊಂಡು, ತೊಳೆದರೂ ಹೋಗದೆ, ತಾನೇ ಕ್ರಿಯೆ ನಡೆಸುವುದನ್ನು 2019ರಲ್ಲಿ ಮಾಸ್ಕೋದ ಅನನಿಕೋವ್ ತಂಡ ತೋರಿಸಿತು. ಇಂಥ ಉದಾಹರಣೆ ಇನ್ನೂ ಇವೆ. 2003ರಲ್ಲಿ ಲೋಹವೇ ಇಲ್ಲದೆ ಸುಝುಕಿ ಕಪ್ಲಿಂಗ್ (ಸಾಮಾನ್ಯವಾಗಿ ಪಲ್ಲಾಡಿಯಂ ಬೇಕಾಗುವ ಜೋಡಣೆ ಕ್ರಿಯೆ) ಆಯಿತು ಅಂತ ಲೆಡ್‌ಬೀಟರ್ ತಂಡ ವರದಿ ಮಾಡಿತು. 2005ರಲ್ಲಿ ಅದೇ ತಂಡ ಮುಂದೆ ಬಂದು, ಬಳಸಿದ ಸೋಡಿಯಂ ಕಾರ್ಬೊನೇಟ್‌ನಲ್ಲಿ 50 ಪಿಪಿಬಿ (ನೂರು ಕೋಟಿಯಲ್ಲಿ 50 ಪಾಲು) ಪಲ್ಲಾಡಿಯಂ ಇತ್ತು ಎಂದು ಪ್ರಕಟಿಸಿತು. 2009ರಲ್ಲಿ ಬುಕ್‌ವಾಲ್ಡ್ ಮತ್ತು ಬೋಲ್ಮ್, ಕಬ್ಬಿಣದ ಕ್ಲೋರೈಡ್ ಮಾಡುತ್ತಿದೆ ಎಂದುಕೊಂಡಿದ್ದ ಕೆಲವು ಕಪ್ಲಿಂಗ್‌ಗಳಲ್ಲಿ ಅದರೊಳಗಿನ ಪಿಪಿಎಂ ಮಟ್ಟದ ತಾಮ್ರ ಕೆಲಸ ಮಾಡುತ್ತಿರಬಹುದು ಎಂದು ತೋರಿಸಿದರು. ನಿಮ್ಮ ಕ್ಯಾಟಲಿಸ್ಟಿನ ಆಧಾರವೇ ಕಬ್ಬಿಣದ ಲವಣದಿಂದ ಮಾಡಿದ್ದು. ಆ ಲವಣದ ಬಾಟಲಿಯನ್ನೂ ಐಸಿಪಿಗೆ ಕಳಿಸಿ.

ರೇನಿ ನಿಕಲ್ (ರಂಧ್ರಮಯ ನಿಕಲ್ ಕ್ಯಾಟಲಿಸ್ಟ್) ಬಳಸುವವರಿಗೂ ಈ ಕ್ರಮದ ಬಹುಪಾಲು ಹೊಂದುತ್ತದೆ, ತಕ್ಕಡಿಯೊಂದು ಬಿಟ್ಟು. ಒಣ ರೇನಿ ನಿಕಲ್ ಗಾಳಿಗೆ ಬೆಂಕಿ ಹಿಡಿಯುತ್ತದೆ. ಅದನ್ನು ದ್ರವದ ಅಡಿಯಲ್ಲೇ ಅಳೆಯಬೇಕು.

ರಿಪೇರಿ ಮಾಡಬೇಕಾ, ಬಿಡಬೇಕಾ

ಆಕ್ಸೈಡ್ ಆದ ತಾಮ್ರವನ್ನು ಸೋಡಿಯಂ ಬೊರೊಹೈಡ್ರೈಡ್‌ನಿಂದ ಮತ್ತೆ ಇಳಿಸಬಹುದು. ಜಿಡ್ಡು ತೊಳೆಯಬಹುದು. ಸೋರಿಹೋದ ತಾಮ್ರವನ್ನು ಮತ್ತೆ ಕೂರಿಸಲೂಬಹುದು, ಆದರೆ ಸೋರಿಕೆಯ ಕಾರಣ ಹಾಗೇ ಇದ್ದರೆ ಅದು ವ್ಯರ್ಥ ಶ್ರಮ. ಕಣಗಳು ಸೇರಿ ದೊಡ್ಡವಾಗಿದ್ದರೆ ಬಿಟ್ಟುಬಿಡಿ.

ಬಿಡುವ ಮುಂಚೆ ಒಂದು ಲೆಕ್ಕ. ತಾಮ್ರ ಕಿಲೋಗೆ ಸಾವಿರ ರೂಪಾಯಿ ಎಂದು ಹಿಡಿದರೆ ಫ್ಲಾಸ್ಕಿನ 2.5 ಮಿ.ಗ್ರಾಂ ತಾಮ್ರದ ಬೆಲೆ ಕಾಲು ಪೈಸೆ. ಅದನ್ನು ಉಳಿಸಲು ಪ್ರತಿ ಸುತ್ತಿಗೆ 50 ಮಿ.ಲೀ. ಈಥೈಲ್ ಅಸಿಟೇಟ್ ಸುರಿದರೆ ಹಣವೂ ಉಳಿಯಲ್ಲ, ಪರಿಸರವೂ ಉಳಿಯಲ್ಲ. 1992ರಲ್ಲಿ ಶೆಲ್ಡನ್ ಕೊಟ್ಟ ಇ-ಫ್ಯಾಕ್ಟರ್ ಅನ್ನು, ಅಂದರೆ ಒಂದು ಕಿಲೋ ಪ್ರಾಡಕ್ಟಿಗೆ ಎಷ್ಟು ಕಿಲೋ ಕಸ ಅನ್ನುವುದನ್ನು, ತೊಳೆಯುವ ದ್ರಾವಕವನ್ನೂ ಸೇರಿಸಿ ಲೆಕ್ಕ ಹಾಕಿ. ಅಗ್ಗದ ಲೋಹವನ್ನು ಗಟ್ಟಿಯಾಗಿ ಕೂರಿಸಿ ಮರುಬಳಸುವುದರ ನಿಜವಾದ ಲಾಭ ಬೇರೆ: ಅದು ಪ್ರಾಡಕ್ಟಿಗೂ ಚರಂಡಿಗೂ ಹೋಗುವುದಿಲ್ಲ. ಔಷಧದಲ್ಲಿನ ಲೋಹದ ಕಲ್ಮಶಕ್ಕೆ ಮಿತಿ ಹಾಕುವ ಅಂತರರಾಷ್ಟ್ರೀಯ ಐಸಿಎಚ್ ಕ್ಯೂ3ಡಿ ನಿಯಮದಲ್ಲಿ, ಬಾಯಿಂದ ತೆಗೆದುಕೊಳ್ಳುವ ಔಷಧದ ಮೂಲಕ ದಿನಕ್ಕೆ 3000 ಮೈಕ್ರೋಗ್ರಾಂ ತನಕ ತಾಮ್ರಕ್ಕೆ ಅವಕಾಶ ಇದೆ, ಪಲ್ಲಾಡಿಯಂಗೆ 100. ತಾಮ್ರಕ್ಕೆ ಸಿಕ್ಕ ಆ ಸಡಿಲಿಕೆ ಮನುಷ್ಯರ ಲೆಕ್ಕದ್ದು. ಪಾಚಿ ಮತ್ತು ಮೀನಿಗೆ ಕರಗಿದ ತಾಮ್ರ ಸಣ್ಣ ಪ್ರಮಾಣದಲ್ಲೇ ವಿಷ. ಹಾಗಾಗಿ ಬಳಸಿ ಮುಗಿದ ಪುಡಿ, ಬೀಡ್ ತೊಳೆದ ಎಥನಾಲ್, ಅಮೋನಿಯಾ ಪರೀಕ್ಷೆಯ ನೀಲಿ ನೀರು ಯಾವುದನ್ನೂ ಸಿಂಕಿಗೆ ಸುರಿಯಬೇಡಿ. ಪುಡಿಗೊಂದು, ದ್ರಾವಕಕ್ಕೊಂದು, ನೀರಿಗೊಂದು ಕ್ಯಾನ್ ಇಡಿ. "ತಾಮ್ರ ಇದೆ" ಅಂತ ದೊಡ್ಡಕ್ಷರದಲ್ಲಿ ಬರೆದು, ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೆ ಕೊಡಿ.